ಹೊಸಹೊಳೆಯ ಸರ್ವರ್ ಕಾಯ್ದವನು

ಇತ್ತೀಚೆಗೆ ವಾರಕ್ಕೊಬ್ಬರಾದರೂ ನಮ್ಮ ಮನೆಗೆ ಬಂದು, ಗೇಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರಬೇಕು, ಏನು ಓದಬೇಕು ಎಂದು ಕೇಳುತ್ತಾರೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವರ ಹೊಟ್ಟೆಯಲ್ಲಿರುವುದು ಹೊರಗೆ ಬರುತ್ತದೆ. ಈ ಮನುಷ್ಯ ಇಷ್ಟು ವರ್ಷ ಸಂಬಳ ತಗೊಂಡು ದಿನವಿಡೀ ಆಟ ಆಡಿದ್ದಾನೆ, ನಾವೂ ಆಡೋಣ ಎಂಬುದು ಅವರ ಲೆಕ್ಕ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಕಂಪನಿಯಲ್ಲಿ ಇದ್ದಷ್ಟು ಕಾಲ ನಾನು ಒಂದು ಮಧ್ಯಾಹ್ನವನ್ನೂ ನೆಮ್ಮದಿಯಾಗಿ ಆಡಲಿಲ್ಲ. ಬೇರೆಯವರು ಆಡಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ, ಅಷ್ಟೇ. ಒಂದು ಸಲವಂತೂ ಒಂದೇ ಗುಂಡಿ ಒತ್ತಿ ನೂರಾರು ಜನರ ಮನೆಮಾರುಗಳನ್ನು ಅಳಿಸಿಹಾಕುವ ಹೊತ್ತು ಬಂದಿತ್ತು. ಅಲ್ಲಿಗೆ ಬರುವ ಮುಂಚೆ ಉಳಿದದ್ದನ್ನು ಹೇಳಬೇಕು.

ನಾನು ಮೂಲತಃ ಟೆಲಿಫೋನಿನವನು. ಜಮಖಂಡಿ ಸುತ್ತಿನ ಯಾವ ಕಂಬ ವಾಲಿದೆ, ಯಾವ ಗುಂಡಿಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಎಂಬುದು ಬಾಯಿಪಾಠ. ಸ್ವಯಂ ನಿವೃತ್ತಿ ತಗೊಂಡು ಮನೆಯಲ್ಲಿ ಕೂತ ಕೆಲವೇ ತಿಂಗಳಿಗೆ ನಾನು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸತೊಡಗಿದೆ. ಹೆಂಡತಿ ಅದನ್ನು ಸಹಿಸಿಕೊಂಡಳು. ಮಸಾಲೆ ಡಬ್ಬಿಗಳಿಗೆ ನಂಬರ್ ಹಚ್ಚಿದ ದಿನ ಮಾತ್ರ, ಎಲ್ಲಿಯಾದರೂ ಹೋಗಿ ಕೆಲಸ ಮಾಡಿ, ಸಂಬಳ ಬರದಿದ್ದರೂ ಚಿಂತೆಯಿಲ್ಲ ಎಂದಳು.

ಆಗ ಸಿಕ್ಕವಳು ಸುವರ್ಣಾ. ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಪಾವರ್‌ಲೂಮಿನ ಸದ್ದಿನಲ್ಲಿ ಬೆಳೆದವಳಾದ್ದರಿಂದ ಗುಟ್ಟಿನ ಮಾತನ್ನೂ ಜೋರಾಗಿ ಆಡುತ್ತಿದ್ದಳು. ಇಂಜಿನಿಯರಿಂಗ್ ಮುಗಿಸಿ, ಜಮಖಂಡಿಯಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಎರಡು ಕೋಣೆ ಹಿಡಿದು, ಮೂರ್ನಾಲ್ಕು ಗೆಳತಿಯರನ್ನು ಕಟ್ಟಿಕೊಂಡು ಒಂದು ಆಟ ತಯಾರು ಮಾಡುತ್ತಿದ್ದಳು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಸರ್ವರ್ ನಿಂತರೆ ಮೊದಲು ಏನು ಮಾಡುತ್ತೀರಿ? ಸರ್ವರ್ ಎಂದರೇನೆಂದು ನನಗಾಗ ಸರಿಯಾಗಿ ಗೊತ್ತಿರಲಿಲ್ಲ. ಪ್ಲಗ್ ನೆಟ್ಟಗೆ ಕೂತಿದೆಯೋ ನೋಡುತ್ತೇನೆ ಎಂದೆ. ನಾಳೆಯಿಂದ ಬನ್ನಿ ಎಂದಳು. ನಾನು ಅವಳಿಗೆ ಮೇಡಂ, ಅವಳು ನನಗೆ ಕಾಕಾ ಎಂದು ಮೊದಲ ವಾರವೇ ತಾನಾಗಿ ರೂಢಿಯಾಯಿತು. ಸಿಟ್ಟು ಬಂದಾಗ ಅವಳು ಕಾಕಾ ಬಿಟ್ಟು ‘ಅಲ್ರೀ’ ಎಂದು ಶುರುಮಾಡುತ್ತಿದ್ದಳು, ನಾನು ಮೇಡಂ ಬಿಟ್ಟು ‘ತಂಗಿ’ಗೆ ಇಳಿಯುತ್ತಿದ್ದೆ. ಒಟ್ಟಾರೆ ನನ್ನ ಸೇವಾವಧಿಯ ಅರ್ಧ ಭಾಗ ತಂಗಿಯಲ್ಲೇ ಕಳೆಯಿತು.

ಆಟದ ತಿರುಳು ಇಷ್ಟು. ಮೊಬೈಲಿನಲ್ಲಿ ತೆರೆದರೆ ನೀವು ಒಂದು ಕಾಡಿನಲ್ಲಿ ಬರಿಗೈಯಲ್ಲಿ ನಿಂತಿರುತ್ತೀರಿ. ಹಸಿವು, ಬಾಯಾರಿಕೆ, ಚಳಿ, ತೋಳ. ಕಲ್ಲು ಕಟ್ಟಿಗೆ ಆರಿಸಿ, ಮನೆ ಕಟ್ಟಿ, ಬೆಳೆ ತೆಗೆದು ಬದುಕಬೇಕು. ಅದೇ ಕಾಡಿನಲ್ಲಿ ಅದೇ ಹೊತ್ತಿಗೆ ಬೇರೆ ನೂರಾರು ಜನ ಆಡುತ್ತಿರುತ್ತಾರೆ. ಅವರು ನಿಮ್ಮನ್ನು ದೋಚಬಹುದು, ಕೊಲ್ಲಬಹುದು, ಮನಸ್ಸಾದರೆ ಮೈಕ್ ಹಚ್ಚಿ ಮಾತಾಡಿಸಲೂಬಹುದು. ಆ ಕಾಡು, ತೋಳ, ಜನರ ಮನೆಗಳು ಎಲ್ಲವೂ ಇರುವುದು ಒಂದು ಯಂತ್ರದೊಳಗೆ. ಅದೇ ಸರ್ವರ್. ಅದು ನಿಂತರೆ ಎಲ್ಲರ ಜಗತ್ತೂ ನಿಂತಂತೆ. ಅದನ್ನು ನಿಲ್ಲದಂತೆ ಕಾಯುವುದು ನನ್ನ ಕೆಲಸ.

ಬಂಡವಾಳ ಹಾಕಿದವರು ಲೋಕಾಪುರದ ಬೆಲ್ಲದ ವ್ಯಾಪಾರಿ ಗುರುಸಿದ್ದಪ್ಪ ಸಾವಕಾರರು. ಅವರು ಇದನ್ನು ಸಿನಿಮಾ ಎಂದೇ ತಿಳಿದಿದ್ದರು. ಆಟಕ್ಕೆ ಸುವರ್ಣಾ ಇಟ್ಟಿದ್ದ ಹೆಸರು ‘ಕೊನೆಯುಸಿರು’. ಸಾವಕಾರರು ಅದನ್ನು ಕೇಳಿ ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಅಂಗಡಿ ತೆರೆಯುವ ದಿನ ಯಾರಾದರೂ ಬಾಗಿಲಿಗೆ ಇಂಥ ಹೆಸರು ಬರೆಸುತ್ತಾರೆಯೇ ಎಂದು ಕೇಳಿದರು. ಕಾಡಿನ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಸುವರ್ಣಾ ಎಲ್ಲಕ್ಕಿಂತ ಹೆಚ್ಚು ದಿನ ಕೂತು ಕೋಡ್ ಬರೆದದ್ದು ಆ ನೀರಿಗೇ. ಹಾಗಾಗಿ ‘ಹೊಸಹೊಳೆ’ ಎಂದಾಯಿತು. ಸಾವಕಾರರು ಸರ್ವರ್‌ಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ನೀರನ್ನು ಪ್ರೋಕ್ಷಣೆ ಮಾಡಲು ಕೈ ಎತ್ತಿದಾಗ ನಾನು ಅಡ್ಡ ಬಿದ್ದು ಅದನ್ನು ನನ್ನ ಅಂಗಿಯ ಮೇಲೆ ತಗೊಂಡೆ. ಅದು ನಾನು ತಪ್ಪಿಸಿದ ಮೊದಲ ಅಪಘಾತ.

ಎರಡನೆಯ ಆಕ್ಷೇಪಣೆ ಸುವರ್ಣಾಳ ತಾಯಿಯದು. ಇಂಥ ಆಟಗಳಲ್ಲೆಲ್ಲ ಆಟಗಾರ ಶುರುವಿಗೆ ಚಡ್ಡಿಯಲ್ಲಿರುತ್ತಾನೆ, ಆಮೇಲೆ ನಾರು ಸೊಪ್ಪು ಕೂಡಿಸಿ ಬಟ್ಟೆ ಮಾಡಿಕೊಳ್ಳಬೇಕು. ತಾಯಿ ಒಂದು ಸಲ ಮಗಳ ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡಿ ಹೌಹಾರಿದರಂತೆ. ನೇಕಾರರ ಮನೆಯ ಹುಡುಗಿ ಮಾಡಿದ ಆಟದಲ್ಲಿ ಜನ ಬಟ್ಟೆಯಿಲ್ಲದೆ ಓಡಾಡುತ್ತಾರೆ ಎಂದು ಸುದ್ದಿಯಾದರೆ ಬನಹಟ್ಟಿಯಲ್ಲಿ ತಲೆ ಎತ್ತುವುದು ಹೇಗೆ? ಮೂರು ದಿನ ಮಗಳ ಸಂಗಡ ಮಾತು ಬಿಟ್ಟರು. ನಾಲ್ಕನೆಯ ದಿನದಿಂದ ಹೊಸಹೊಳೆಯಲ್ಲಿ ಗಂಡಸರು ಧೋತರ, ಅಂಗಿಯಲ್ಲೂ ಹೆಂಗಸರು ಅಂಚಿನ ಸೀರೆಯಲ್ಲೂ ಹುಟ್ಟತೊಡಗಿದರು. ಸೀರೆಯ ಅಂಚಿನ ಬಣ್ಣ ಸರಿಯಿಲ್ಲವೆಂದು ರಬಕವಿಯ ನೇಕಾರರಿಂದ ಫೋನ್ ಬಂದದ್ದು ಬೇರೆ ಮಾತು.

ಇನ್ನು ಸರ್ವರ್ ಇಡುವ ಸಂಕಟ. ದೊಡ್ಡ ಊರುಗಳಲ್ಲಿ ಬಾಡಿಗೆಗೆ ಸರ್ವರ್ ಸಿಗುತ್ತವೆ. ಆಟ ಶುರುವಾಗುವ ಮುಂಚೆ ಹಾಗೇ ಮಾಡಿ ನೋಡಿದ್ದೆವು. ನೀವು ಕೋಲು ಎತ್ತಿದ ಸುದ್ದಿ ಅಲ್ಲಿಗೆ ಮುಟ್ಟಿ ವಾಪಸು ಬರುವಷ್ಟರಲ್ಲಿ ತೋಳ ನಿಮ್ಮನ್ನು ತಿಂದು ಮಲಗಿರುತ್ತಿತ್ತು. ಹಾಗಾಗಿ ಒಳಗಿನ ಕೋಣೆಯಲ್ಲಿ ನಮ್ಮದೇ ಯಂತ್ರ ಇಟ್ಟೆವು. ಬೇಸಿಗೆಯಲ್ಲಿ ಆ ಕೋಣೆ ಬೆಲ್ಲದ ಗಾಣದ ಒಲೆಯಂತೆ ಕಾಯುತ್ತಿತ್ತು. ಎಸಿ ಹಾಕಿದರೆ ಫ್ಯೂಸ್ ಹೋಗುತ್ತಿತ್ತು, ಎಸಿ ತೆಗೆದರೆ ಸರ್ವರ್ ಹೋಗುತ್ತಿತ್ತು. ಕೆಳಗಿನ ಸೀರೆ ಅಂಗಡಿಯವರು ಇಸ್ತ್ರಿ ಪೆಟ್ಟಿಗೆ ಹಚ್ಚಿದಾಗ ನಮ್ಮ ಕಾಡಿನಲ್ಲಿ ಎಲ್ಲರೂ ಒಂದು ಕ್ಷಣ ಒಂಟಿ ಕಾಲಿನ ಮೇಲೆ ನಿಂತುಬಿಡುತ್ತಿದ್ದರು. ಕೊನೆಗೆ ಅಂಗಡಿಯವರೂ ನಾವೂ ಕೂತು, ಇಸ್ತ್ರಿ ಎಷ್ಟು ಹೊತ್ತಿಗೆ, ಎಸಿ ಎಷ್ಟು ಹೊತ್ತಿಗೆ ಎಂದು ಪಾಳಿ ಹಂಚಿಕೊಂಡೆವು.

ನಮ್ಮ ದೊಡ್ಡ ವೈರಿ ಮಾತ್ರ ಕಬ್ಬು. ಕಾರ್ಖಾನೆ ಶುರುವಾದರೆ ಸಾಕು, ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು, ಮನೆಯ ಎತ್ತರಕ್ಕೆ ಕಬ್ಬು ಹೇರಿಕೊಂಡು, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಹೊರಡುತ್ತವೆ. ನಮ್ಮ ಇಂಟರ್‌ನೆಟ್ ಕೇಬಲ್ ರಸ್ತೆಗೆ ಅಡ್ಡಲಾಗಿ ಕಂಬದಿಂದ ಕಂಬಕ್ಕೆ ಹೋಗುತ್ತಿತ್ತು. ಟ್ರ್ಯಾಕ್ಟರ್ ಹೋದ ಮೇಲೆ ಅದು ಕಬ್ಬಿನ ಸಂಗಡ ಕಾರ್ಖಾನೆಯ ಕಡೆ ಹೋಗಿರುತ್ತಿತ್ತು. ಎಷ್ಟು ಸಲ ಕಟ್ಟಿದರೂ ಅಷ್ಟೇ. ಕೊನೆಗೆ ನಾನು ಉದ್ದನೆಯ ಬಿದಿರಿಗೆ ಕವಲು ಕಟ್ಟಿ, ಸೀಸನ್ನಿನ ದಿನಗಳಲ್ಲಿ ಚಹಾದಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಟ್ರ್ಯಾಕ್ಟರ್ ಬಂದಾಗ ಎದ್ದು ಕೇಬಲ್ ಎತ್ತುವುದು, ಹೋದ ಮೇಲೆ ಇಳಿಸುವುದು. ಪರಿಚಯದವರು ಏನು ಕೆಲಸ ಎಂದು ಕೇಳಿದರೆ ಸರ್ವರ್ ಅಡ್ಮಿನಿಸ್ಟ್ರೇಟರ್ ಎನ್ನುತ್ತಿದ್ದೆ. ಅವರು ಬಿದಿರನ್ನೂ ನನ್ನನ್ನೂ ನೋಡಿ, ಬಡಪಾಯಿ ಎಂದು ಮುಖ ಮಾಡಿ ಹೋಗುತ್ತಿದ್ದರು.

ಆಟಗಾರರು ಯಾವಾಗ ಬರುತ್ತಾರೆ ಎಂಬುದೂ ಪುಸ್ತಕದಲ್ಲಿ ಇರುವಂತಿರಲಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಗದ್ದಲ ಹೆಚ್ಚುತ್ತದೆ ಎಂದು ಸುವರ್ಣಾ ಓದಿಕೊಂಡಿದ್ದಳು. ನಮ್ಮಲ್ಲಿ ಒಮ್ಮೊಮ್ಮೆ ಬೆಳಿಗ್ಗೆ, ಒಮ್ಮೊಮ್ಮೆ ಮಟಮಟ ಮಧ್ಯಾಹ್ನ ಒಮ್ಮೆಲೇ ಜನ ನುಗ್ಗುತ್ತಿದ್ದರು. ಅವಳು ವಾರಗಟ್ಟಲೆ ಗ್ರಾಫ್ ಹಾಕಿ ತಲೆ ಕೆಡಿಸಿಕೊಂಡಳು. ಕಾರಣ ಇಷ್ಟೇ. ಹೊಲಕ್ಕೆ ತ್ರೀಫೇಸ್ ಕರೆಂಟು ಬಂದಾಗ ರೈತರು ಪಂಪ್‌ಸೆಟ್ ಹಚ್ಚಿ, ಬದುವಿನ ಮೇಲೆ ಕೂತು, ನೀರು ಕಟ್ಟುವ ನಡುವೆ ಹೊಸಹೊಳೆಗೆ ಬರುತ್ತಿದ್ದರು. ಕರೆಂಟಿನ ಪಾಳಿ ಬದಲಾದ ವಾರ ನಮ್ಮ ಜನಸಂಖ್ಯೆಯ ಪಾಳಿಯೂ ಬದಲಾಗುತ್ತಿತ್ತು.

ಬಂದವರಾದರೂ ಆಟವನ್ನು ಆಟದಂತೆ ಆಡಿದರೆ? ಈ ಆಟ ನಿಂತಿರುವುದೇ ಒಬ್ಬರನ್ನೊಬ್ಬರು ಕೊಲ್ಲುವುದರ ಮೇಲೆ. ಮೊದಲ ವಾರ ಮುಧೋಳದವನೊಬ್ಬ ಸಾವಳಗಿಯವನ ಮೇಲೆ ಕೊಡಲಿ ಎತ್ತಿದ. ಹೊಡೆಯುವ ಮುಂಚೆ ಮೈಕಿನಲ್ಲಿ, ನೀವು ಯಾರ ಪೈಕಿ ಎಂದು ಕೇಳಿದ. ಅವನು ಹೇಳಿದ. ಲೆಕ್ಕ ಹಾಕಿದರೆ ಇಬ್ಬರೂ ಬೀಗರಾಗಬೇಕು. ಕೊಡಲಿ ಇಳಿಸಿ, ಒಲೆ ಹಚ್ಚಿ, ಮೊಲದ ಮಾಂಸ ಬೇಯಿಸಿ, ನಾವು ತಿನ್ನುವುದಿಲ್ಲ ಎಂದು ಸಾವಳಗಿಯವನು ಅಂದ ಮೇಲೆ ಅದನ್ನು ಬಿಸಾಡಿ ಗೆಣಸು ಸುಟ್ಟರು. ಅಂದಿನಿಂದ ಕೊಡಲಿ ಎತ್ತುವ ಮುಂಚೆ ಯಾರ ಪೈಕಿ ಎಂದು ಕೇಳುವುದು ಅಲ್ಲಿನ ಕಾನೂನಾಯಿತು. ನಮ್ಮ ಸುತ್ತಿನ ಊರುಗಳಲ್ಲಿ ಹೇಗೂ ಏನಾದರೊಂದು ಸಂಬಂಧ ಹೊರಡುತ್ತದೆ. ಹಸಿವಿನಿಂದಲೂ ಯಾರೂ ಸಾಯಲಿಲ್ಲ. ಬಾಗಿಲ ಮುಂದೆ ಹಾದುಹೋದವರನ್ನು ಊಟಕ್ಕೆ ಎಳೆದು ಕೂಡಿಸುತ್ತಿದ್ದರು. ಸುವರ್ಣಾ ಹಸಿವನ್ನು ಇಮ್ಮಡಿ ಮಾಡಿದಳು. ಜನ ಎರಡು ಸಲ ಊಟ ಹಾಕತೊಡಗಿದರು.

ಹೊರಗಿನ ಊರಿನ ಪುಂಡರ ತಂಡವೊಂದು ಒಮ್ಮೆ ದೋಚಲೆಂದೇ ಒಳಗೆ ಬಂತು. ಬಂದವರು ಇಂಗ್ಲಿಷಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಮ್ಮವರಿಗೆ ಅರ್ಥವಾಗಲಿಲ್ಲ. ದೂರದಿಂದ ಬಂದಿದ್ದಾರೆ, ದಣಿದಿದ್ದಾರೆ ಎಂದು ರೊಟ್ಟಿ ಕೊಟ್ಟರು, ಮಲಗಲು ಮನೆ ತೋರಿಸಿದರು, ಮದುವೆಯಾಗಿದೆಯೇ ಎಂದು ಕೇಳಿದರು. ಪುಂಡರು ಎರಡು ದಿನ ತಡೆದುಕೊಂಡು ಓಡಿಹೋದರು.

ಅದರ ನಂತರ ನಾಯಿಯ ಪ್ರಕರಣ. ತೋಳದ ಜೊತೆಗೆ ಒಂದು ಬೇಟೆನಾಯಿ ಇರಲಿ ಎಂದು ಸುವರ್ಣಾ ಮುಧೋಳ ನಾಯಿಯನ್ನು ಸೇರಿಸಿದಳು. ಮರುದಿನ ಮುಧೋಳದಿಂದ ಐದಾರು ಜನ ಜೀಪು ಮಾಡಿಕೊಂಡು ಕಚೇರಿಗೇ ಬಂದರು. ತೋಳ ಓಡಿದಾಗ ನಮ್ಮ ನಾಯಿ ಹಿಂದೆ ಬೀಳುವುದೆಂದರೇನು, ಬಾಲ ಮೇಲಕ್ಕೆ ಸುರುಳಿಯಾಗಿ ಇರುವುದೆಂದರೇನು, ಬೀದಿ ನಾಯಿಯ ಹಾಗೆ ಬೊಗಳುವುದೆಂದರೇನು ಎಂದು ಅವಳ ಮುಂದೆ ಕೂತು ಒಂದೊಂದೇ ಕೇಳಿದರು. ಸಾಕ್ಷಿಗೆ ಒಂದು ನಾಯಿಯನ್ನೂ ತಂದಿದ್ದರು. ಅದು ಸರ್ವರ್ ಕೋಣೆಯ ತಂಪಿಗೆ ಹೋಗಿ ಮಲಗಿ, ಎಬ್ಬಿಸಿದರೂ ಏಳಲಿಲ್ಲ. ಸುವರ್ಣಾ ಓಟ ಹೆಚ್ಚಿಸಿದಳು. ಎಷ್ಟು ಹೆಚ್ಚಿಸಿದಳೆಂದರೆ ನಾಯಿ ಒಮ್ಮೆ ಓಡಲು ಶುರುಮಾಡಿದರೆ ನಕಾಶೆಯ ಅಂಚು ದಾಟಿ ಹೊರಗೆ ಬಿದ್ದುಹೋಗುತ್ತಿತ್ತು. ಮುಧೋಳದವರಿಗೆ ಸಮಾಧಾನವಾಯಿತು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಇಂಥ ಆಟಗಳನ್ನು ನಡೆಸುವವರೆಲ್ಲ ಕೆಲವು ವಾರಕ್ಕೊಮ್ಮೆ ಇಡೀ ಜಗತ್ತನ್ನು ಒರೆಸಿಹಾಕುತ್ತಾರೆ. ಜನ ಕಟ್ಟಿದ್ದೆಲ್ಲ ಹೋಗಿ ಮತ್ತೆ ಬರಿಯ ಕಾಡು. ಅದರಿಂದ ಸರ್ವರ್ ಹಗುರಾಗುತ್ತದೆ. ನಮ್ಮಲ್ಲಿ ಅದರ ಸುದ್ದಿ ಎತ್ತಿದ ದಿನ, ಹೊಲಕ್ಕೆ ಗೊಬ್ಬರ ಹಾಕಿದ್ದೇನೆ, ಈ ಬೆಳೆ ತೆಗೆದ ಮೇಲೆ ನೋಡೋಣ ಎಂಬ ಫೋನುಗಳು ಬಂದವು. ಬೆಳೆಯ ಮೇಲೆ ಬೆಳೆ ಬಂತು, ನಾವು ಒರೆಸಲೇ ಇಲ್ಲ. ಬೀಳಗಿ ಕಡೆಯವರಂತೂ ಸೇರುವಾಗಲೇ ಜಾಗ್ರತೆಯಾಗಿದ್ದರು. ಅವರ ಮುಂದಾಳು ಕಲ್ಲವ್ವ ಎಂಬಾಕೆ. ಕೃಷ್ಣೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ಕಟ್ಟಿಕೊಟ್ಟ ಪುನರ್ವಸತಿ ಕೇಂದ್ರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಳು. ಗಿರಣಿ ಓಡಿಸುತ್ತಲೇ ಆಡುತ್ತಿದ್ದಳು, ಹಾಗಾಗಿ ಅವಳು ಮೈಕ್ ಹಚ್ಚಿದರೆ ಗರಗರ ಸದ್ದು ಬಂದು ನಾನು ಲೈನು ಕೆಟ್ಟಿತೆಂದು ಎದ್ದು ನಿಲ್ಲುತ್ತಿದ್ದೆ. ಉಳಿದವರು ತೋಳ ಎಲ್ಲಿದೆ, ಹಣ್ಣು ಎಲ್ಲಿದೆ ಎಂದು ಕೇಳಿದರೆ ಆಕೆ ಮೊದಲ ದಿನವೇ ಕೇಳಿದ್ದು, ಹೊಳೆಯ ನೀರು ಎಲ್ಲಿಯ ತನಕ ಬರುತ್ತದೆ ಎಂದು. ಸುವರ್ಣಾ, ಈ ಹೊಳೆ ಏರುವುದಿಲ್ಲ, ಬರೀ ಹರಿಯುತ್ತದೆ ಎಂದಳು. ಕಲ್ಲವ್ವ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು ತನ್ನ ಜನರೊಂದಿಗೆ ದಡದಲ್ಲೇ ಊರು ಕಟ್ಟಿದಳು. ಓಣಿ, ಕಟ್ಟೆ, ಬಾವಿ, ಗುಡಿ. ಹೊಸಹೊಳೆಯಲ್ಲಿ ಅಷ್ಟು ಚೆಂದದ ಊರು ಇನ್ನೊಂದಿರಲಿಲ್ಲ.

ಒಂದು ವರ್ಷದ ಮೇಲೆ ಸುವರ್ಣಾಗೆ ತನ್ನ ನೀರಿನ ಮೇಲೆ ಇನ್ನಷ್ಟು ಪ್ರೀತಿ ಹುಟ್ಟಿತು. ನಿಜವಾದ ಹೊಳೆಯ ಹಾಗೆ ಅಡ್ಡ ಬಂದರೆ ನಿಲ್ಲಬೇಕು, ನಿಂತರೆ ಏರಬೇಕು, ಏರಿದರೆ ಹರಡಬೇಕು ಎಂದು ತಿಂಗಳುಗಟ್ಟಲೆ ಕೂತು ಬರೆದು, ಒಂದು ಸೋಮವಾರ ಅದನ್ನು ಆಟಕ್ಕೆ ಹಾಕಿದಳು. ನಮಗೆಲ್ಲ ಪೇಢೆ ಹಂಚಿದಳು. ಬೀಳಗಿಯವರಿಗೆ ಕೊಟ್ಟ ಮಾತು ಅವಳಿಗೂ ನೆನಪಾಗಲಿಲ್ಲ, ನಮಗೂ ಆಗಲಿಲ್ಲ.

ಆ ವಾರದಿಂದ ಸರ್ವರ್ ಏದುಸಿರು ಬಿಡತೊಡಗಿತು. ಆಟಗಾರ ಹೆಜ್ಜೆ ಎತ್ತಿದರೆ ಇಳಿಸುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ನಾನು ಪ್ಲಗ್ ನೋಡಿದೆ, ಬ್ಯಾಟರಿ ಬದಲಿಸಿದೆ, ಒಳಗೆ ಹಲ್ಲಿ ಸೇರಿದೆಯೋ ಎಂದು ಬಿಚ್ಚಿದೆ. ಕೇಬಲ್ಲಿನ ಉದ್ದಕ್ಕೂ ಬಿದಿರು ಹೊತ್ತು ಓಡಾಡಿದೆ. ಎಲ್ಲ ಸರಿಯಿತ್ತು. ಬೇರೆ ದಾರಿಯಿಲ್ಲದೆ ಧೋತರ ಉಟ್ಟುಕೊಂಡು ನಾನೇ ಆಟದೊಳಗೆ ಇಳಿದು ಹೊಳೆಯ ಗುಂಟ ನಡೆದೆ. ಒಂದು ತಿರುವಿನಲ್ಲಿ ನಿಂತುಬಿಟ್ಟೆ. ಹೊಳೆಗೆ ಅಡ್ಡಲಾಗಿ ಈ ದಡದಿಂದ ಆ ದಡಕ್ಕೆ ಕಲ್ಲಿನ ಬ್ಯಾರೇಜ್ ಎದ್ದಿತ್ತು. ಮೇಲೆ ನೂರಾರು ಜನ ಇರುವೆಗಳ ಹಾಗೆ ಕಲ್ಲು ಹೊರುತ್ತಿದ್ದರು. ಹಿಂದೆ ಕಣ್ಣು ಹಾಯುವ ತನಕ ನೀರು. ಸುವರ್ಣಾಳ ಹೊಸ ನೀರು ಪ್ರತಿ ಹನಿ ಎಲ್ಲಿಗೆ ಹೋಗಬೇಕೆಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತಿತ್ತು, ಆ ಲೆಕ್ಕದಲ್ಲಿ ನಮ್ಮ ಸರ್ವರ್ ಮುಳುಗಿತ್ತು.

ಮುಂದೆ ನಿಂತು ಕಟ್ಟಿಸುತ್ತಿದ್ದವರು ಚಿಕ್ಕಪಡಸಲಗಿಯ ಪರಪ್ಪ. ತಮ್ಮ ಊರಿನಲ್ಲಿ ರೈತರೇ ಕೂಡಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದಾಗ ಪರಪ್ಪ ಹರೆಯದವರು, ಅದರಲ್ಲಿ ಕಲ್ಲು ಹೊತ್ತವರು. ಆಟದ ಹೊಳೆಯಲ್ಲಿ ನೀರು ಸುಮ್ಮನೆ ಹರಿದುಹೋಗುವುದನ್ನು ಒಂದು ವರ್ಷ ನೋಡಿ ಅವರ ಹೊಟ್ಟೆ ಉರಿದಿತ್ತು. ನೀರು ನಿಲ್ಲುತ್ತದೆ ಎಂದು ತಿಳಿದ ದಿನವೇ ಶುರುಮಾಡಿದ್ದರು. ನಮಗೆ ಒಂದು ಮಾತು ಹೇಳಬಾರದಿತ್ತೇ ಎಂದೆ.

“ಸರ್ಕಾರಕ್ಕ ಹೇಳಿಕೋತ ಕುಂತ್ರ ಬ್ಯಾರೇಜ್ ಆಗ್ತಾವೇನ್ರೀ?” ಎಂದರು ಪರಪ್ಪ. ಸರ್ಕಾರವೆಂದರೆ ನಾನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಹಿನ್ನೀರು ಬೀಳಗಿಯವರ ಊರಿಗೆ ನುಗ್ಗಿತ್ತು. ಬೇರೆ ಯಾವ ದೇಶದ ಆಟಗಾರರಾದರೂ ಸಿಟ್ಟಿಗೆದ್ದು ಬ್ಯಾರೇಜ್ ಒಡೆಯುತ್ತಿದ್ದರು, ಇಲ್ಲವೇ ಆಟ ಬಿಡುತ್ತಿದ್ದರು. ಬೀಳಗಿಯವರು ನಮ್ಮ ಕಡೆಯಿಂದ ಪರಿಹಾರ ಕೇಳಿದರು. ಹೊಲಕ್ಕೆ ಹೊಲ, ಮನೆಗೆ ಜಾಗ, ಜನರಿಗಿಂತ ಮೊದಲು ಗುಡಿಯ ಸ್ಥಳಾಂತರ, ಹೊಸ ಊರಿಗೆ ರಸ್ತೆ ಮತ್ತು ಶಾಲೆ. ಆಟದಲ್ಲಿ ಮಕ್ಕಳೇ ಇಲ್ಲವಲ್ಲ, ಶಾಲೆ ಯಾಕೆ ಎಂದು ಸುವರ್ಣಾ ಕೇಳಿದಳು. ಪುನರ್ವಸತಿ ಕೇಂದ್ರ ಎಂದ ಮೇಲೆ ಶಾಲೆ ಇರಲೇಬೇಕು ಎಂದರು. ಅವಳು ಒಂದು ದಿನ ಕೂತು ಶಾಲೆ ಬರೆದಳು. ಪರಿಹಾರದ ಸುದ್ದಿ ಹಬ್ಬಿದ ಮೇಲೆ ಇನ್ನೊಂದು ಆಟ ಶುರುವಾಯಿತು. ಮುಧೋಳ, ಬನಹಟ್ಟಿ, ಜಮಖಂಡಿಯವರೆಲ್ಲ ಬಂದು ನೀರು ಏರುವ ದಾರಿಯಲ್ಲೇ ಗುಡಿಸಲು ಹಾಕಿ, ತಾವೂ ಮುಳುಗಡೆಯವರು ಎಂದು ಹೆಸರು ಬರೆಸತೊಡಗಿದರು. ಒಬ್ಬನಂತೂ ನೀರು ತನ್ನ ಗುಡಿಸಲಿಗೆ ಇನ್ನೂ ಬಂದಿಲ್ಲವೆಂದು ದೂರು ಕೊಟ್ಟ. ಹೊಸ ಗುಡಿಸಲುಗಳ ಭಾರಕ್ಕೆ ಸರ್ವರ್ ದಿನಕ್ಕೆ ಮೂರು ಸಲ ಬೀಳತೊಡಗಿತು. ನಾನು ಬೆಳಿಗ್ಗೆ ಬಿದಿರು ಹಿಡಿಯುವುದು, ಮಧ್ಯಾಹ್ನ ತಹಶೀಲ್ದಾರನಂತೆ ಕೂತು ಪಂಚನಾಮೆ ಮಾಡುವುದು, ಹೀಗಾಯಿತು ನನ್ನ ಪಾಡು.

ಇದರ ನಡುವೆ ಪುಣೆಯ ಕಂಪನಿಯೊಂದು ನಮ್ಮ ಆಟ ನೋಡಲು ಬರುವುದಾಗಿ ಹೇಳಿತು. ಅವರಿಗೆ ಹಿಡಿಸಿದರೆ ದೊಡ್ಡ ಮಟ್ಟದಲ್ಲಿ ನಡೆಸುತ್ತಾರೆ. ಹಿಡಿಸದಿದ್ದರೆ ಮುಚ್ಚಿಬಿಡೋಣ ಎಂದು ಸಾವಕಾರರು ಹೇಳಿಯಾಗಿತ್ತು. ಬಂದವರ ಮುಂದೆ ಸರ್ವರ್ ಬಿದ್ದರೆ ಅಲ್ಲಿಗೆ ಮುಗಿಯಿತು. ಸುವರ್ಣಾ ಎರಡು ದಿನ ಊಟ ಬಿಟ್ಟು ಕೂತಳು. ಕೊನೆಗೆ, ಕಾಕಾ, ಒರೆಸಿಬಿಡೋಣ ಎಂದಳು. ಎಲ್ಲರೂ ಹಾಗೇ ಮಾಡುತ್ತಾರೆ, ಬರಿಯ ಕಾಡಾದರೆ ಸರ್ವರ್ ನಿಲ್ಲುತ್ತದೆ. ನಾನು ಎಲ್ಲ ಸಿದ್ಧ ಮಾಡಿದೆ, ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ನಿಜ ಹೇಳುತ್ತೇನೆ, ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಆ ಗುಡಿ, ಬಾವಿ, ಓಣಿಗಳನ್ನು ನಾನು ದಿನವೂ ನೋಡುತ್ತಿದ್ದೆ. ಮೊದಲು ಆ ಜನಕ್ಕೆ ನೀನೇ ಒಂದು ಮಾತು ಹೇಳು ತಂಗಿ ಎಂದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಹೂಂ ಎಂದು ತಲೆ ಆಡಿಸಿದಳು.

ಮಧ್ಯಾಹ್ನ ಕರೆಂಟು ಬಂದ ಹೊತ್ತಿಗೆ ಎಲ್ಲರನ್ನೂ ನೀರಿನ ದಂಡೆಗೆ ಕರೆದೆವು. ಸುವರ್ಣಾ ಅಂಚಿನ ಸೀರೆಯಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದಳು. ನೀರು ಏರುವುದಿಲ್ಲ ಎಂದು ಹೇಳಿದ್ದೆ, ಏರುವ ಹಾಗೆ ನಾನೇ ಮಾಡಿದೆ, ಈಗ ಎಲ್ಲವನ್ನೂ ಒರೆಸದೆ ಗತಿಯಿಲ್ಲ ಎಂದಳು. ಯಾವಾಗಲೂ ಜೋರಾಗಿ ಮಾತಾಡುವವಳ ದನಿ ಅಂದು ನನಗೇ ಸರಿಯಾಗಿ ಕೇಳಲಿಲ್ಲ. ಮೈಕಿನಲ್ಲಿ ಗಿರಣಿಯ ಗರಗರ ಸದ್ದು ಬಂತು. ಆಮೇಲೆ ಕಲ್ಲವ್ವ ಮಾತಾಡಿದಳು.

“ತಂಗೀ, ನಮ್ಮೂರು ಮುಳುಗಿದಾಗ ನಾ ಮದಿವ್ಯಾಗಿ ಬಂದು ವರ್ಷ ಆಗಿದ್ದಿಲ್ಲ. ಆವಾಗ ಯಾರೂ ನಮ್ಮನ್ನ ಕೇಳಲಿಲ್ಲ. ನೀ ಎದುರಿಗಿ ಬಂದು ಕೇಳಾಕತ್ತೀದಿ, ಅಷ್ಟ ಸಾಕವ್ವಾ. ಒರಸು.”

ಬೈದಿದ್ದರೆ ಒರೆಸಬಹುದಿತ್ತು. ಹೀಗೆ ಹೇಳಿದ ಮೇಲೆ ಗುಂಡಿ ಮುಟ್ಟುವವರು ಯಾರು? ಸುವರ್ಣಾ ಮುಖ ತಿರುಗಿಸಿಕೊಂಡಳು. ಆಗ ಪರಪ್ಪ ಕೆಮ್ಮಿದರು. ಅವರ ಪಂಪ್‌ಸೆಟ್ಟಿನ ಸದ್ದೂ ಕೇಳುತ್ತಿತ್ತು.

“ಎಲ್ಲಾ ಒರಸೂದು ಯಾಕ್ರೀ ಅಕ್ಕಾರ? ಬ್ಯಾರೇಜ್ ನಾವು ಕಟ್ಟೇವಿ. ನಾವ ಬಿಚ್ಚತೀವಿ.”

ಒಮ್ಮೆಲೇ ಬಿಚ್ಚುವಂತಿರಲಿಲ್ಲ. ಅಷ್ಟು ನೀರು ಒಟ್ಟಿಗೆ ಹೊರಟರೆ ಸರ್ವರ್ ಅಲ್ಲೇ ನೆಲ ಕಚ್ಚುತ್ತಿತ್ತು. ಒಂದು ಸಾಲು ಕಲ್ಲು ತೆಗೆಯುವುದು, ನೀರಿನ ಓಟ ನಿಲ್ಲುವ ತನಕ ಕಾದು ಕೂಡುವುದು, ನಾನು ಹೂಂ ಎಂದ ಮೇಲೆ ಇನ್ನೊಂದು ಸಾಲು ಎಂದು ಗೊತ್ತುಮಾಡಿದೆವು. ಮಳೆಗಾಲಕ್ಕೆ ಮುಂಚೆ ಬ್ಯಾರೇಜಿನ ಗೇಟು ತೆಗೆದು ರೂಢಿಯಿದ್ದ ಜನಕ್ಕೆ ಇದನ್ನು ತಿಳಿಸಿಹೇಳಬೇಕಾಗಲಿಲ್ಲ. ಪರಿಹಾರಕ್ಕೆ ಗುಡಿಸಲು ಹಾಕಿದ್ದವರೂ ನಾಚಿಕೊಂಡು ಒಂದೊಂದಾಗಿ ಕಿತ್ತರು. ಒಂದು ಗುಡಿಸಲು ಮಾತ್ರ ಕೊನೆಯ ತನಕ ಉಳಿಯಿತು. ಅದರ ಯಜಮಾನನಿಗೆ ಪರಿಹಾರದ ಆಸೆ ಬಿಟ್ಟಿರಲಿಲ್ಲ.

ಕೆಲಸ ನಡೆದಿರುವಾಗಲೇ ಪುಣೆಯವರು ಬಂದಿಳಿದರು. ಇಬ್ಬರು. ಸಾವಕಾರರೂ ಲೋಕಾಪುರದಿಂದ ಬಂದು ಕೂತರು. ಪರದೆಯ ಮೇಲೆ ನೂರಾರು ಜನ ಸಾಲು ಹಿಡಿದು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಬಂದವರು ಬಹಳ ಹೊತ್ತು ನೋಡಿ, ಕೊಲ್ಲುವುದು ಯಾವಾಗ ಶುರುವಾಗುತ್ತದೆ ಎಂದು ಹಿಂದಿಯಲ್ಲಿ ಕೇಳಿದರು. ಸಾವಕಾರರು, ಇವರು ಅಂಥ ಜನ ಅಲ್ಲ, ಎಲ್ಲ ಮರ್ಯಾದಸ್ಥರು ಎಂದು ಭರವಸೆ ಕೊಟ್ಟರು. ನಾನು ಹಣೆ ಹಣೆ ಬಡಿದುಕೊಂಡೆ. ಪುಣೆಯವರು ಅವಲಕ್ಕಿ ತಿಂದು, ಬಹಳ ಚೆನ್ನಾಗಿದೆ, ತಿಳಿಸುತ್ತೇವೆ ಎಂದು ಹೋದರು. ಇನ್ನೂ ತಿಳಿಸಿಲ್ಲ. ಸಾವಕಾರರು ಮಾತ್ರ ಏಳಲಿಲ್ಲ. ನೀರು ಎಷ್ಟು ಇಳಿಯಿತು ಎಂದು ನನ್ನನ್ನು ಕೇಳುತ್ತ, ಚಹಾ ತರಿಸುತ್ತ ಸಂಜೆಯ ತನಕ ಕೂತಿದ್ದರು. ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ. ಸರ್ವರ್ ಅಂದು ಬೀಳಲಿಲ್ಲ.

ಮೊದಲು ಗುಡಿಯ ತುದಿ ಕಂಡಿತು. ಆಮೇಲೆ ಮಾಳಿಗೆಗಳು, ಕಟ್ಟೆ, ಓಣಿ. ಬೀಳಗಿಯವರೆಲ್ಲ ದಂಡೆಯ ಮೇಲೆ ನಿಂತಿದ್ದರು. ಗರಗರ ಸದ್ದು ಇಲ್ಲದ್ದು ನನಗೆ ಆಗಲೇ ತಿಳಿದದ್ದು. ಕಲ್ಲವ್ವ ಗಿರಣಿ ಬಂದ್ ಮಾಡಿ ಬಂದಿದ್ದಳು. ನೀರು ಹೊಸ್ತಿಲಿನಿಂದ ಕೆಳಗೆ ಇಳಿಯುತ್ತಲೇ ತನ್ನ ಮನೆಯ ಬಾಗಿಲು ತೆಗೆದು ಒಳಗೆ ಹೋದಳು. ಒಲೆ, ಗಡಿಗೆ, ಹಾಸಿಗೆ ಎಲ್ಲ ಇಟ್ಟಲ್ಲೇ ಇದ್ದವು. ಜಗಲಿಯ ಮೇಲೆ ಆಕೆ ಹಚ್ಚಿಟ್ಟ ದೀಪ ಉರಿಯುತ್ತಿತ್ತು. ಅಷ್ಟು ದಿನ ಮನೆಯ ಮೇಲೆ ನೀರು ನಿಂತಿದ್ದರೂ ಅದು ಆರಿರಲಿಲ್ಲ. ನೀರು ತಾಗಿದರೆ ಬೆಂಕಿ ಆರಬೇಕು ಎಂದು ಬರೆಯುವುದನ್ನು ಸುವರ್ಣಾ ಮರೆತಿದ್ದಳು. ತನ್ನ ತಪ್ಪು ಕಂಡ ಕೂಡಲೇ ಅವಳು ಪೆನ್ನು ಎತ್ತಿಕೊಂಡಳು, ನಾಳೆ ತಿದ್ದಬೇಕು ಎಂದು ಬರೆದುಕೊಳ್ಳಲು.

“ತಂಗೀ,” ಎಂದಳು ಕಲ್ಲವ್ವ, “ಬ್ಯಾಸಗ್ಯಾಗ ಹಿನ್ನೀರು ಇಳದಾಗ ನಾವು ನಮ್ಮ ಖರೇ ಊರು ನೋಡಾಕ ಹೋಗತೀವಿ. ಬರೇ ಗ್ವಾಡಿ ಇರತಾವು, ಅವೂ ಅರ್ಧ ಬಿದ್ದಾವು. ಇಲ್ಲಿ ನಾ ಹಚ್ಚಿದ ದೀಪ ಹಂಗ ಐತಿ ನೋಡು.”

ಸುವರ್ಣಾ ಪೆನ್ನು ಕೆಳಗಿಟ್ಟಳು. ನಾನು ಕಿಟಕಿಯ ಕಡೆ ಹೋಗಿ, ಕೇಬಲ್ ನೋಡುವವನ ಹಾಗೆ ಬಹಳ ಹೊತ್ತು ನಿಂತೆ.

ಅದಾದ ಮೇಲೆ ಹೊಸಹೊಳೆಗೆ ಎಷ್ಟೋ ತಿದ್ದುಪಡಿಗಳು ಬಂದವು. ನೀರಿನ ಲೆಕ್ಕ ಹಗುರಾಯಿತು, ಕೇಬಲ್ ನೆಲದೊಳಗೆ ಹೋಯಿತು, ನಾಯಿ ನಕಾಶೆಯೊಳಗೆ ಉಳಿಯಿತು. ನನ್ನ ಕಣ್ಣು ಮಂಜಾಗಿ ನಾನು ಮನೆಗೆ ಬಂದೆ. ನೀರಿನೊಳಗೆ ದೀಪ ಉರಿಯುತ್ತದೆ, ಇದು ತಪ್ಪು ಎಂದು ಹೊಸದಾಗಿ ಸೇರಿದ ಆಟಗಾರರು ಈಗಲೂ ಬರೆದು ಕಳಿಸುತ್ತಿರುತ್ತಾರೆ. ಸುವರ್ಣಾ ಅದಕ್ಕೆ ಉತ್ತರ ಕೊಡುವುದಿಲ್ಲ. ನಿಮ್ಮಲ್ಲಿ ಯಾರಾದರೂ ಅಲ್ಲಿ ಕೆಲಸಕ್ಕೆ ಸೇರಿದರೆ ಉಳಿದದ್ದೆಲ್ಲವನ್ನೂ ತಿದ್ದಿ. ಅದಕ್ಕೆ ಮಾತ್ರ ಕೈ ಹಚ್ಚಬೇಡಿ.